ಟ್ಯಾಲಿಯಲ್ಲಿ ಪೀಸ್ ಲೆಕ್ಕದ ಸಂಬಳ: ಕೆಲಸ ಎಲ್ಲಿಗೆ ಬಂತು

ಪರಿಚಯದವರ ಹೊಲಿಗೆ ಘಟಕವೊಂದರಲ್ಲಿ ಹೊಲಿದ ಪೀಸಿಗೆ ಇಷ್ಟು ಎಂದು ಕೊಡುವ ಸಂಬಳದ ಲೆಕ್ಕವನ್ನು ರಿಜಿಸ್ಟರಿನಿಂದ ಟ್ಯಾಲಿಪ್ರೈಮ್ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ಗೆ ತರುವ ಕೆಲಸ ಹಚ್ಚಿಕೊಂಡಿದ್ದೇನೆ. ಅವರಿಗೆ ಬೇಕಿರುವುದು ತಿಂಗಳ ಕೊನೆಯ ತಲೆನೋವು ಕಡಿಮೆಯಾಗುವುದು, ಅಷ್ಟೆ. ನಾನು ಹಾಕಿಕೊಂಡ ಷರತ್ತು ಬೇರೆ. ಪೇಸ್ಲಿಪ್ ಕೈಗೆ ಬಂದ ಮೇಲೆ, ಹೊಲಿಯುವವರು ತಾವು ಬರೆದಿಟ್ಟುಕೊಂಡ ಲೆಕ್ಕ ತೆಗೆದು ಸಾಲು ಸಾಲಾಗಿ ತಾಳೆ ನೋಡುವಂತಿರಬೇಕು. ಮೊತ್ತ ಸರಿಯಿದ್ದೂ ಅದು ಹೇಗೆ ಬಂತೆಂದು ಗೊತ್ತಾಗದಿದ್ದರೆ ರಿಜಿಸ್ಟರೇ ವಾಸಿ.

ಮೊದಲ ಸುತ್ತು: ಮಾಸ್ಟರ್‌ಗಳು

ಮಾಸ್ಟರ್ ಅಂದರೆ ಟ್ಯಾಲಿಯಲ್ಲಿ ಮೊದಲೇ ತುಂಬಿಡುವ ಮೂಲ ವಿವರ. ಇದು ಸುಲಭದ ಭಾಗ. ಎಫ್11 ಒತ್ತಿ ಪೇರೋಲ್ ಆನ್ ಮಾಡಿದ ಮೇಲೆ ಅಟೆಂಡೆನ್ಸ್/ಪ್ರೊಡಕ್ಷನ್ ಟೈಪ್ ಸೃಷ್ಟಿಸಬೇಕು, ಅಂದರೆ ಏನನ್ನು ಎಣಿಸುತ್ತೇವೆ ಎಂದು ಹೇಳಬೇಕು. ಅಲ್ಲಿ ‘ಪ್ರೊಡಕ್ಷನ್’ ಆರಿಸಿ, ಯೂನಿಟ್ ಆಗಿ ಪೀಸ್ ಕೊಡಬೇಕು. ಯೂನಿಟ್ಟಿಗೆ ದಶಾಂಶ ಸೊನ್ನೆ ಇಟ್ಟೆ. ಅರ್ಧ ಕಾಲರ್‌ಗೆ ಯಾರೂ ಸಂಬಳ ಕೊಡುವುದಿಲ್ಲವಲ್ಲ. ಆಮೇಲೆ ಪೇ ಹೆಡ್, ಅಂದರೆ ಸಂಬಳದ ಒಂದೊಂದು ಬಾಬತ್ತು. ಅದರ ಕ್ಯಾಲ್ಕ್ಯುಲೇಷನ್ ಟೈಪ್ ‘ಆನ್ ಪ್ರೊಡಕ್ಷನ್’ ಆಗಿರಬೇಕು, ಅದಕ್ಕೆ ಮೇಲಿನ ಪ್ರೊಡಕ್ಷನ್ ಟೈಪ್ ಜೋಡಿಸಬೇಕು. ದರವನ್ನು ಇಲ್ಲಿ ಬರೆಯುವುದಿಲ್ಲ. ಅದು ನೌಕರರ ಸ್ಯಾಲರಿ ಡೀಟೇಲ್ಸ್‌ನಲ್ಲಿ, ಯಾವ ದಿನಾಂಕದಿಂದ ಜಾರಿ ಎಂಬುದರ ಜೊತೆ ಕೂರುತ್ತದೆ. ಎಷ್ಟು ಪೀಸ್ ಎಂಬುದನ್ನು ಅಟೆಂಡೆನ್ಸ್ ವೋಚರಿನಲ್ಲಿ ಹಾಕಿ, ಪೇರೋಲ್ ವೋಚರಿನಲ್ಲಿ ಆಟೋ ಫಿಲ್ ಕೊಟ್ಟರೆ ಗುಣಾಕಾರ ತಾನಾಗಿ ಆಗುತ್ತದೆ.

ಎರಡನೇ ಸುತ್ತು: ‘ಒಂದು ಪೀಸ್’ ಅಂದರೆ ಯಾವುದು?

ತಕರಾರು ಇಲ್ಲಿಂದ ಶುರು. ಒಬ್ಬರೇ ಇಡೀ ಶರ್ಟ್ ಹೊಲಿಯುವುದಿಲ್ಲ. ಕಾಲರ್, ಕಫ್, ತೋಳು ಜೋಡಣೆ, ಸೈಡ್ ಸೀಮ್, ಹೆಮ್, ಕಾಜಾ ಎಲ್ಲಕ್ಕೂ ದರ ಬೇರೆ ಬೇರೆ. ಇಂಥ ಒಂದೊಂದು ಹಂತಕ್ಕೆ ಆಪರೇಷನ್ ಅನ್ನುತ್ತಾರೆ. ಟ್ಯಾಲಿಯಲ್ಲಿ ಒಂದು ಪೇ ಹೆಡ್‌ಗೆ ಜೋಡಿಸಬಹುದಾದ್ದು ಒಂದೇ ಪ್ರೊಡಕ್ಷನ್ ಟೈಪ್. ಅಂದರೆ ಆರು ಆಪರೇಷನ್‌ಗೆ ಆರು ಜೋಡಿ. ಅದರ ಮೇಲೆ ಸ್ಟೈಲ್ ಬದಲಾದರೆ ದರವೂ ಬದಲಾಗುತ್ತದೆ. ಪ್ರತಿ ಸ್ಟೈಲಿಗೂ ಹೊಸ ಪೇ ಹೆಡ್ ತೆರೆಯುತ್ತ ಹೋದರೆ ವರ್ಷ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ ಬೇಕಾದ್ದು ಹುಡುಕುವುದೇ ಒಂದು ಕೆಲಸವಾಗುತ್ತದೆ.

ಗಾರ್ಮೆಂಟ್ ಕೆಲಸದಲ್ಲಿ ಇದಕ್ಕೊಂದು ಚುರುಕಾದ ದಾರಿ ಇದೆ: ಸ್ಯಾಮ್, ಅಂದರೆ ಒಂದು ಆಪರೇಷನ್‌ಗೆ ನಿಗದಿಯಾದ ಪ್ರಮಾಣಿತ ನಿಮಿಷ. ಪೀಸುಗಳನ್ನು ಅದರ ಸ್ಯಾಮ್‌ನಿಂದ ಗುಣಿಸಿ, ಎಲ್ಲವನ್ನೂ ನಿಮಿಷಕ್ಕೆ ಇಳಿಸಿ, ನಿಮಿಷಕ್ಕೆ ಒಂದೇ ದರ ಇಟ್ಟರೆ ಇಡೀ ಘಟಕಕ್ಕೆ ಒಂದೇ ಪ್ರೊಡಕ್ಷನ್ ಟೈಪ್, ಒಂದೇ ಪೇ ಹೆಡ್ ಸಾಕು. ಮಾಡಿ ನೋಡಿದೆ, ಸೊಗಸಾಗಿ ಕೂತಿತು. ಆದರೆ ಪೇಸ್ಲಿಪ್‌ನಲ್ಲಿ ‘9,140 ನಿಮಿಷ’ ಎಂದು ಬಂತು. ಅದನ್ನು ತೋರಿಸಿದಾಗ ಕಾಲರ್ ವಿಭಾಗದ ಅಕ್ಕ ಒಬ್ಬರು, ‘ಸರ್, ನಾನು ಹೊಲಿದಿದ್ದು ಕಾಲರ್, ನಿಮಿಷ ಅಲ್ಲ’ ಅಂದರು. ಅಲ್ಲಿಗೆ ಆ ದಾರಿ ಮುಗಿಯಿತು.

ಈಗ ಇರುವುದು ನಡುವಿನ ವ್ಯವಸ್ಥೆ. ಆಪರೇಷನ್‌ಗೊಂದು ಪೇ ಹೆಡ್, ಪ್ರತಿ ಆಪರೇಷನ್‌ನಲ್ಲಿ ಸರಳ, ಸಾಧಾರಣ, ಕಷ್ಟ ಎಂದು ಮೂರು ದರ್ಜೆ. ಒಟ್ಟು 18. ಹೊಸ ಸ್ಟೈಲ್ ಬಂದಾಗ ಪ್ರತಿ ಆಪರೇಷನ್ ಯಾವ ದರ್ಜೆಗೆ ಸೇರುತ್ತದೆಂದು ಸ್ಯಾಮ್ ನೋಡಿ ತೀರ್ಮಾನಿಸುತ್ತೇವೆ. ನಿಮಿಷದ ಲೆಕ್ಕ ಒಳಗೇ ಉಳಿಯುತ್ತದೆ, ಪೇಸ್ಲಿಪ್ ಮೇಲೆ ‘ಕಾಲರ್, ಕಷ್ಟ, ಇಷ್ಟು ಪೀಸ್’ ಎಂದೇ ಬರುತ್ತದೆ. 18 ಪೇ ಹೆಡ್ ಹೆಚ್ಚಾಯಿತು ಎನ್ನುವವರಿದ್ದಾರೆ. ಒಬ್ಬೊಬ್ಬರ ಸ್ಲಿಪ್‌ನಲ್ಲಿ ಕಾಣುವುದು ಎರಡೋ ಮೂರೋ ಸಾಲು ಮಾತ್ರ.

ದರ ನಿಗದಿ ಮಾಡುವಾಗ ಬ್ರಿಟನ್ನಿನ ಕನಿಷ್ಠ ವೇತನದ ಒಂದು ಸೂತ್ರ ಉಪಯೋಗಕ್ಕೆ ಬಂತು. ಗಂಟೆಗೆ ಸರಾಸರಿ ಎಷ್ಟು ಪೀಸ್ ಆಗುತ್ತದೋ ಅದನ್ನು 1.2ರಿಂದ ಭಾಗಿಸಿ, ಗಂಟೆಯ ಕನಿಷ್ಠ ವೇತನವನ್ನು ಬಂದ ಸಂಖ್ಯೆಯಿಂದ ಭಾಗಿಸಬೇಕು. ಸರಾಸರಿ 30 ಪೀಸ್ ಇದ್ದರೆ 25 ಎಂದು ಹಿಡಿಯಬೇಕು. ಹೊಸಬರು ಸ್ವಲ್ಪ ನಿಧಾನವಾದರೂ ಕನಿಷ್ಠ ಕೂಲಿಗಿಂತ ಕೆಳಗೆ ಬೀಳಬಾರದು ಎಂಬುದು ಇದರ ಹಿಂದಿನ ಯೋಚನೆ. ಅತಿ ಚುರುಕಾದವರನ್ನು ಮುಂದೆ ಕೂರಿಸಿ ಸ್ಟಾಪ್‌ವಾಚ್ ಹಿಡಿದು ದರ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು.

ಮೂರನೇ ಸುತ್ತು: ಎಣಿಕೆ

ಸಾಫ್ಟ್‌ವೇರ್ ತನಗೆ ಕೊಟ್ಟ ಸಂಖ್ಯೆಯನ್ನು ಗುಣಿಸುತ್ತದೆ, ಸಂಖ್ಯೆ ನಿಜವೇ ಎಂದು ಕೇಳುವುದಿಲ್ಲ. ಅದಕ್ಕೆ ಎಣಿಕೆಯನ್ನು ಟ್ಯಾಲಿಯ ಹೊರಗೆ, ಒಂದು ಎಕ್ಸೆಲ್ ಹಾಳೆಯಲ್ಲಿ ಇಟ್ಟಿದ್ದೇನೆ. ಕಟಿಂಗ್ ಆದ ಬಟ್ಟೆ ಬಂಡಲ್ ಆಗಿ ಬರುತ್ತದೆ. ಬಂಡಲ್ ಚೀಟಿಯಲ್ಲಿ ಪ್ರತಿ ಆಪರೇಷನ್‌ಗೂ ಒಂದು ಕೂಪನ್. ಕೆಲಸ ಮುಗಿಸಿದವರು ತಮ್ಮ ಕೂಪನ್ ಹರಿದು ಹಾಳೆಗೆ ಅಂಟಿಸುತ್ತಾರೆ. ಬಂಡಲ್ ನಂಬರ್ ಮತ್ತು ಆಪರೇಷನ್, ಇವೆರಡೂ ಸೇರಿದ ಜೋಡಿ ಒಂದೇ ಸಲ ಬರಬೇಕು. ಎಷ್ಟು ಸಲ ಬಂತೆಂದು ಎಣಿಸುವ ಕೌಂಟಿಫ್ಸ್ ಸೂತ್ರ ಹಾಕಿ, ಎರಡನೇ ಸಲ ಬಂದರೆ ಸಾಲು ಕೆಂಪಾಗುವಂತೆ ಮಾಡಿದೆ. ಕೆಂಪಾದದ್ದೆಲ್ಲ ಮೋಸವಲ್ಲ. ಒಂದೇ ಬಂಡಲನ್ನು ಇಬ್ಬರು ಹಂಚಿಕೊಂಡು ಹೊಲಿದಾಗಲೂ ಹಾಗಾಗುತ್ತದೆ. ಅದಕ್ಕೆ ಪೀಸ್ ಸಂಖ್ಯೆ ಒಡೆದು ಬರೆಯಲು ಒಂದು ಕಾಲಂ ಸೇರಿಸಬೇಕಾಯಿತು.

ವಾಪಸ್ ಬಂದ ಪೀಸಿನ ಬಗ್ಗೆ ನಿಯಮ ಬರೆದು ಗೋಡೆಗೆ ಹಾಕಿಸಿದ್ದೇವೆ. ಹೊಲಿಗೆಯದೇ ತಪ್ಪಾದರೆ ಅವರೇ ಸರಿಪಡಿಸಬೇಕು, ಎರಡನೇ ಸಲ ಎಣಿಕೆ ಇಲ್ಲ. ಬಟ್ಟೆಯ ಅಥವಾ ಮಷೀನಿನ ದೋಷವಾದರೆ ರಿಪೇರಿಗೆ ಹೋದ ಹೊತ್ತಿಗೆ ಗಂಟೆ ಲೆಕ್ಕದಲ್ಲಿ ಕೂಲಿ. ಬಾಯಿಮಾತಿನಲ್ಲಿದ್ದ ಹಳೆಯ ಪದ್ಧತಿಯಲ್ಲಿ ಎರಡೂ ಹೊಲಿಯುವವರ ತಲೆಗೇ ಬರುತ್ತಿದ್ದವು.

ಕರೆಂಟ್ ಹೋದಾಗ, ಕಟಿಂಗ್ ಬರದೆ ಕೂತಾಗ ಕಳೆದ ಹೊತ್ತಿಗೂ ಇದೇ ಗಂಟೆ ಲೆಕ್ಕ. ಟ್ಯಾಲಿಯಲ್ಲಿ ಇದಕ್ಕೆ ಬೇರೇನೂ ಹುಡುಕಬೇಕಿಲ್ಲ. ಓವರ್‌ಟೈಮ್‌ಗೆ ಮಾಡುವ ಹಾಗೆ, ಗಂಟೆಯನ್ನೇ ಯೂನಿಟ್ ಆಗಿಟ್ಟು ‘ಕಾಯುವ ಹೊತ್ತು’ ಎಂಬ ಪ್ರೊಡಕ್ಷನ್ ಟೈಪ್ ಮಾಡಿದರೆ ಸಾಕು.

ನಾಲ್ಕನೇ ಸುತ್ತು: ಕನಿಷ್ಠ ಮೊತ್ತ, ಓವರ್‌ಟೈಮ್, ಪೈಸೆ

ಪೀಸ್ ಗಳಿಕೆ ಕನಿಷ್ಠ ಕೂಲಿಗಿಂತ ಕಡಿಮೆಯಾದರೆ ವ್ಯತ್ಯಾಸ ತುಂಬಿಕೊಡಬೇಕು. ವಾರಕ್ಕೊಮ್ಮೆ ಹೋಲಿಸುವುದೋ ತಿಂಗಳಿಗೊಮ್ಮೆಯೋ ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ, ಅಲ್ಲ. ವಾರದ ಕನಿಷ್ಠ 4,000 ಎಂದಿಟ್ಟುಕೊಳ್ಳಿ. ನಾಲ್ಕು ವಾರದ ಗಳಿಕೆ 4,600, 3,400, 4,500, 4,100. ತಿಂಗಳ ಲೆಕ್ಕದಲ್ಲಿ 16,600 ಆಗಿ 16,000ವನ್ನು ದಾಟಿತು, ತುಂಬುವುದೇನೂ ಇಲ್ಲ. ವಾರದ ಲೆಕ್ಕದಲ್ಲಿ ಎರಡನೇ ವಾರಕ್ಕೆ 600 ಬರಬೇಕು. ಎರಡನೇ ವಾರ ಕಡಿಮೆಯಾದದ್ದು ಮಷೀನ್ ಕೆಟ್ಟಿದ್ದರಿಂದಲೋ ಏನೋ. ಅದನ್ನು ಬೇರೆ ವಾರಗಳ ದುಡಿಮೆಯಿಂದ ಮುಚ್ಚುವುದು ನನಗೆ ಒಪ್ಪಿಗೆಯಾಗಲಿಲ್ಲ, ಮಾಲೀಕರೂ ಒಪ್ಪಿದರು. ಎಕ್ಸೆಲ್‌ನಲ್ಲಿ ಮ್ಯಾಕ್ಸ್ ಸೂತ್ರದಿಂದ ವಾರದ ಕೊರತೆ ತೆಗೆದು, ಟ್ಯಾಲಿಯಲ್ಲಿ ‘ಆ್ಯಸ್ ಯೂಸರ್ ಡಿಫೈನ್ಡ್ ವ್ಯಾಲ್ಯೂ’ ಬಗೆಯ ಪೇ ಹೆಡ್‌ನಲ್ಲಿ ಕೈಯಿಂದ ತುಂಬುತ್ತೇನೆ. ಹೆಸರು ‘ಕನಿಷ್ಠ ಕೂಲಿ ಭರ್ತಿ’. ಬೇರೆ ಸಾಲಾಗಿಯೇ ಕಾಣಲಿ ಎಂದು ಹಾಗಿಟ್ಟೆ.

ಓವರ್‌ಟೈಮ್ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಅಮೆರಿಕದಲ್ಲಿ ವಾರದ ಪೀಸ್ ಗಳಿಕೆಯನ್ನು ಒಟ್ಟು ಗಂಟೆಯಿಂದ ಭಾಗಿಸಿ, ಬಂದ ದರದ ಅರ್ಧವನ್ನು 40ರ ಮೇಲಿನ ಪ್ರತಿ ಗಂಟೆಗೆ ಹೆಚ್ಚುವರಿಯಾಗಿ ಸೇರಿಸುತ್ತಾರೆ. ನಿಯಮ ಯಾವುದೇ ಇರಲಿ, ಪೀಸ್ ಲೆಕ್ಕದವರಿಗೂ ಬಂದ ಹೊತ್ತು, ಹೋದ ಹೊತ್ತು ಬರೆಯಲೇಬೇಕು. ಗಂಟೆ ಗೊತ್ತಿಲ್ಲದೆ ಕನಿಷ್ಠ ಕೂಲಿಯನ್ನೂ ಲೆಕ್ಕ ಹಾಕಲಾಗದು.

ರೌಂಡಿಂಗ್ ಬಗ್ಗೆ ಒಂದು ಮಾತು. ಪೀಸ್ ಲೆಕ್ಕದ ಪೇ ಹೆಡ್‌ಗಳಲ್ಲಿ ರೌಂಡಿಂಗ್ ಆಯ್ಕೆ ಇದೆ, ಅದನ್ನು ಮುಟ್ಟಿಲ್ಲ. 347 ಪೀಸ್, ದರ 1.85 ಆದರೆ 641.95. ಇದನ್ನು ಅಲ್ಲೇ 642 ಮಾಡಿದರೆ ಅವರ ಪುಸ್ತಕಕ್ಕೂ ನಮ್ಮ ಸ್ಲಿಪ್‌ಗೂ ಹೊಂದುವುದಿಲ್ಲ. ಆರು ಸಾಲಿದ್ದರೆ 3ರವರೆಗೂ ಅಂತರ ಬರಬಹುದು. ಮೂರು ರೂಪಾಯಿಗಿಂತ ಅದರಿಂದ ಹುಟ್ಟುವ ಅನುಮಾನ ದುಬಾರಿ.

ಈಗ

ಕಳೆದ ಒಂದು ತಿಂಗಳ ರಿಜಿಸ್ಟರನ್ನು ಹೊಸ ಪದ್ಧತಿಯಲ್ಲಿ ಮತ್ತೆ ಓಡಿಸಿ ನೋಡಿದೆ. ಹೆಚ್ಚಿನವರದು ಹೊಂದಿತು. ಹೊಂದದ ಕಡೆ ಕಾರಣ ಒಂದೇ: ರಿಜಿಸ್ಟರಿನಲ್ಲಿ ಪ್ರತಿ ಬಂಡಲ್ಲನ್ನೂ 20 ಎಂದೇ ಬರೆದಿದ್ದರು, ಕಟಿಂಗಿನ ಕೊನೆಯ ಬಂಡಲ್‌ಗಳಲ್ಲಿ ಅಷ್ಟು ಪೀಸ್ ಇರುವುದಿಲ್ಲ. ಹಿಂದೆ ಕೊಟ್ಟದ್ದನ್ನು ಕಡಿತ ಮಾಡುವುದಿಲ್ಲ, ಮುಂದೆ ಚೀಟಿಯ ಮೇಲಿನ ಸಂಖ್ಯೆಯೇ ಲೆಕ್ಕ ಎಂದು ತೀರ್ಮಾನವಾಗಿದೆ.

ರಜೆಯ ದಿನದ ಸಂಬಳ ಇನ್ನೂ ಬಾಕಿ. ಪೀಸ್ ಲೆಕ್ಕದವರಿಗೆ ‘ಒಂದು ದಿನದ ಸಂಬಳ’ ಅಂದರೆ ಹಿಂದಿನ ಎಷ್ಟು ವಾರದ ಸರಾಸರಿ ಎಂಬುದು ಗೊತ್ತಾಗದೆ ಆ ಪೇ ಹೆಡ್ ತೆರೆಯುವಂತಿಲ್ಲ. ದರ ಬದಲಾವಣೆ ತಿಂಗಳ 1ನೇ ತಾರೀಕಿನಿಂದ ಮಾತ್ರ ಎಂದು ಸದ್ಯಕ್ಕೆ ಇಟ್ಟಿದ್ದೇವೆ, ನಡುತಿಂಗಳ ಗೋಜಲು ಬೇಡವೆಂದು. ಮುಂದಿನ ಸಂಬಳ ರಿಜಿಸ್ಟರ್ ಮತ್ತು ಟ್ಯಾಲಿ ಎರಡರಲ್ಲೂ ನಡೆಯುತ್ತದೆ. ವ್ಯತ್ಯಾಸ ಬಂದರೆ ಯಾವುದು ಹೆಚ್ಚಿದೆಯೋ ಅದನ್ನೇ ಕೊಡುವುದೆಂದು ಮಾತಾಗಿದೆ.