ಗ್ಲಾಸಿನ ಮೇಣದಬತ್ತಿಗೆ ಎಷ್ಟು ಮೇಣ ಬೇಕು?

ಮನೆಯಲ್ಲಿ ಗಾಜಿನ ಲೋಟದೊಳಗೋ ಖಾಲಿಯಾದ ಜಾಮ್ ಬಾಟಲಿಯೊಳಗೋ ಮೇಣದಬತ್ತಿ ಮಾಡಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಎಷ್ಟು ಮೇಣ ಕರಗಿಸಬೇಕು ಎಂಬುದು. ಅನೇಕ ಪಾಕವಿಧಾನಗಳು ಇದಕ್ಕೆ ಲೋಟದ ಲೆಕ್ಕದಲ್ಲೇ ಉತ್ತರಿಸುತ್ತವೆ: ಲೋಟದ ತುಂಬ ಮೇಣದ ಚೂರು ಹಾಕಿ, ಅದರ ಎರಡರಷ್ಟು ಕರಗಿಸಿ ಎನ್ನುತ್ತವೆ. ಈ ಅಳತೆಯನ್ನು ನಾನು ನಂಬುವುದಿಲ್ಲ. ಚೂರುಗಳ ನಡುವೆ ಎಷ್ಟು ಗಾಳಿ ಇರುತ್ತದೆ ಎಂಬುದು ಅವುಗಳ ಆಕಾರಕ್ಕೆ ತಕ್ಕಂತೆ ಬದಲಾಗುತ್ತದೆ. ತುರಿದ ಮೇಣ, ಸಣ್ಣ ಗುಳಿಗೆಗಳು, ಗಟ್ಟಿಯಿಂದ ಒಡೆದ ತುಂಡುಗಳು ಒಂದೇ ಲೋಟದಲ್ಲಿ ಬೇರೆ ಬೇರೆ ತೂಗುತ್ತವೆ. ಆದ್ದರಿಂದ ಮೇಣವನ್ನು ತೂಗಿಯೇ ತೆಗೆದುಕೊಳ್ಳಬೇಕು. ಎಷ್ಟು ತೂಗಬೇಕು ಎಂಬುದನ್ನು ನೀರಿನಿಂದ ತಿಳಿಯಬೇಕು.

ಇದಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಲೋಟವನ್ನು ಅದರ ಮೇಲಿಟ್ಟು, ಅದರ ತೂಕವನ್ನು ಬರೆದುಕೊಂಡು, ತಕ್ಕಡಿಯನ್ನು ಸೊನ್ನೆಗೆ ತಂದು, ಮೇಣ ಎಲ್ಲಿಯವರೆಗೆ ಬರಬೇಕೋ ಅಲ್ಲಿಯವರೆಗೆ ನೀರು ಸುರಿಯಬೇಕು. ಅಂಚಿನಿಂದ ಒಂದರಿಂದ ಒಂದೂವರೆ ಸೆಂಟಿಮೀಟರ್ ಜಾಗ ಬಿಟ್ಟು, ಹೊರಗೆ ಆ ಮಟ್ಟಕ್ಕೊಂದು ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಮಿಲಿಲೀಟರ್ ನೀರು ಹೆಚ್ಚುಕಡಿಮೆ ಒಂದು ಗ್ರಾಂ ತೂಗುವುದರಿಂದ ತಕ್ಕಡಿ ತೋರಿಸುವ ಅಂಕಿಯೇ ಲೋಟದ ಅಳತೆಯಾಗುತ್ತದೆ. ವ್ಯಾಸ, ಎತ್ತರ ಅಳೆದು ಸಿಲಿಂಡರಿನ ಸೂತ್ರಕ್ಕೆ ಹಾಕುವವರೂ ಇದ್ದಾರೆ, ಆದರೆ ನಮ್ಮ ಚಹಾದ ಗ್ಲಾಸುಗಳು ಬುಡದಲ್ಲಿ ಕಿರಿದು, ಬಾಯಲ್ಲಿ ಅಗಲ, ಮೈಯೆಲ್ಲ ಪಟ್ಟಿಪಟ್ಟಿ; ಜೊತೆಗೆ ತಳದ ಗಾಜು ಎಷ್ಟು ದಪ್ಪ ಎಂಬುದು ಹೊರಗಿನಿಂದ ತಿಳಿಯುವುದೇ ಇಲ್ಲ. ನೀರಿಗೆ ಇದಾವುದರ ತೊಡಕೂ ಇಲ್ಲ. ಅಳತೆಯಾದ ಮೇಲೆ ಲೋಟವನ್ನು ಒಂದು ಹನಿಯೂ ಉಳಿಯದಂತೆ ಒರೆಸಿ ಒಣಗಿಸಬೇಕು, ಏಕೆಂದರೆ ಮೇಣದೊಳಗೆ ಸೇರಿಕೊಂಡ ನೀರು ಬತ್ತಿ ಉರಿಯುವಾಗ ಚಟಪಟ ಸಿಡಿಯುತ್ತದೆ.

ಮೇಣ ನೀರಿಗಿಂತ ಹಗುರ. ಪೆಟ್ರೋಲಿಯಂನಿಂದ ಬರುವ ಸಾಮಾನ್ಯ ಮೇಣವಾದ ಪ್ಯಾರಾಫಿನ್ ಗಟ್ಟಿಯಾಗಿದ್ದಾಗ ಒಂದು ಮಿಲಿಲೀಟರಿಗೆ ಸುಮಾರು 0.9 ಗ್ರಾಂ ತೂಗುತ್ತದೆ, ಸೋಯಾ ಮೇಣವೂ ಅದರ ಆಸುಪಾಸಿನಲ್ಲೇ ಇದೆ, ಜೇನುಮೇಣ ಮಾತ್ರ ಸ್ವಲ್ಪ ಭಾರವಾಗಿ 0.96ರ ಹತ್ತಿರ ಬರುತ್ತದೆ. ಗುರುತಿನವರೆಗೆ 200 ಗ್ರಾಂ ನೀರು ಹಿಡಿಯುವ ಲೋಟಕ್ಕೆ ಪ್ಯಾರಾಫಿನ್ 180 ಗ್ರಾಂ ಬೇಕು; ಜೇನುಮೇಣವಾದರೆ 192 ಗ್ರಾಂ.

ಸುಗಂಧ ತೈಲ ಸೇರಿಸುವವರು ಇಲ್ಲಿ ಇನ್ನೊಂದು ಹೆಜ್ಜೆ ಇಡಬೇಕಾಗುತ್ತದೆ. ತೈಲದ ಪ್ರಮಾಣವನ್ನು ಸಾಮಾನ್ಯವಾಗಿ ಮೇಣದ ತೂಕದ ಶೇಕಡಾವಾರಿನಲ್ಲಿ ಹೇಳುತ್ತಾರೆ. ಆರರಿಂದ ಹತ್ತರವರೆಗೆ ಬಳಕೆಯಲ್ಲಿದೆ. ಊದಿನಕಡ್ಡಿ ಹಚ್ಚುವ ಮನೆಗಳಿಗೆ ಆರೇ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ. ಲೋಟದಲ್ಲಿ ಹಿಡಿಯುವ 180 ಗ್ರಾಂ ಎಂಬುದು ಮೇಣ ಮತ್ತು ತೈಲ ಎರಡೂ ಸೇರಿದ ತೂಕವಾದ್ದರಿಂದ ಅದನ್ನು 1.06ರಿಂದ ಭಾಗಿಸಬೇಕು: ಮೇಣ 170 ಗ್ರಾಂ, ತೈಲ 10 ಗ್ರಾಂ. ಹೀಗೆ ಮಾಡದೆ 180 ಗ್ರಾಂ ಮೇಣದ ಮೇಲೆ ತೈಲವನ್ನು ಸುರಿದರೆ ಒಟ್ಟು 190 ಗ್ರಾಂ ದಾಟಿ, ಮೇಣ ಗುರುತನ್ನು ಮೀರಿ ಮೇಲೇರುತ್ತದೆ.

ಲೆಕ್ಕ ಸರಿಯಿದ್ದರೂ ಸುರಿಯುವ ಹೊತ್ತಿನಲ್ಲಿ ಅದು ತಪ್ಪಿದೆ ಎನ್ನಿಸುವುದುಂಟು. 180 ಗ್ರಾಂ ಪ್ಯಾರಾಫಿನ್ ಕರಗಿಸಿ ಸುರಿಯಲು ಹೋದರೆ ಲೋಟ ಗುರುತಿನವರೆಗೆ ತುಂಬಿದ ಮೇಲೂ ಪಾತ್ರೆಯಲ್ಲಿ ಇಪ್ಪತ್ತೈದು ಗ್ರಾಮಿನಷ್ಟು ಉಳಿದಿರುತ್ತದೆ. ಇದಕ್ಕೆ ಕಾರಣ ಬಿಸಿ. ಎಪ್ಪತ್ತು ಎಂಬತ್ತು ಡಿಗ್ರಿಯಲ್ಲಿರುವ ದ್ರವ ಪ್ಯಾರಾಫಿನ್ ಮಿಲಿಲೀಟರಿಗೆ ಸುಮಾರು 0.77 ಗ್ರಾಂ ಮಾತ್ರ ತೂಗುವುದರಿಂದ, ಅದೇ ಮೇಣ ಕರಗಿದಾಗ 230 ಮಿಲಿಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಆರಿ ಗಟ್ಟಿಯಾಗುತ್ತಿದ್ದಂತೆ ಕುಗ್ಗುತ್ತದೆ. ಅಂಚಿನ ಮೇಣ ಮೊದಲು ಗಟ್ಟಿಯಾಗಿ ನಡುವಿನದು ಕೊನೆಯಲ್ಲಿ ಕುಗ್ಗುವುದರಿಂದ ಬತ್ತಿಯ ಸುತ್ತ ಗುಳಿ ಬೀಳುವುದು, ಕೆಲವೊಮ್ಮೆ ತೆಳುವಾದ ಪದರದ ಕೆಳಗೆ ಕಣ್ಣಿಗೆ ಕಾಣದ ಪೊಳ್ಳು ಉಳಿಯುವುದು. ಪಾತ್ರೆಯಲ್ಲಿ ಉಳಿದ ಆ ಮೇಣ ಹೆಚ್ಚುವರಿಯಲ್ಲ, ಈ ಗುಳಿಯ ಪಾಲು. ಮೇಲ್ಮೈ ಗಟ್ಟಿಯಾದ ಮೇಲೆ ಬತ್ತಿಯ ಪಕ್ಕದಲ್ಲಿ ಕಡ್ಡಿಯಿಂದ ಒಂದೆರಡು ಕಡೆ ಚುಚ್ಚಿ, ಉಳಿದದ್ದನ್ನು ಮತ್ತೆ ಕರಗಿಸಿ ಸುರಿದರೆ ಮಟ್ಟ ಸರಿಹೋಗುತ್ತದೆ. ಸೋಯಾ ಮೇಣ ಇಷ್ಟು ಕುಗ್ಗುವುದಿಲ್ಲವಾದ್ದರಿಂದ ಬಹುಮಟ್ಟಿಗೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ; ಆದರೆ ಲೋಟಗಳಿಗೆಂದು ಮಾರುವ ಸೋಯಾ ಮೇಣ ಬಹಳ ಮೆದು, ಅದರಲ್ಲೂ ಐವತ್ತು ಡಿಗ್ರಿಗಿಂತ ಕೆಳಗೇ ಕರಗುವ ಬಗೆಗಳಿವೆ, ಕಲಬುರಗಿ ರಾಯಚೂರುಗಳ ಬೇಸಿಗೆಯಲ್ಲಿ ಅದನ್ನು ಕಿಟಕಿಯ ಬಿಸಿಲಿನಲ್ಲಿ ಇಡುವಂತಿಲ್ಲ.

ಮೇಣ ಕೊಳ್ಳುವಾಗ ಕರಗಿಸುವ ಪಾತ್ರೆಗೆ ಅಂಟಿ ಹೋಗುವ ಭಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇಲಿನ ಅಳತೆಯ, ತೈಲ ಸೇರಿಸಿ ಮಾಡುವ ಆರು ಲೋಟಗಳಿಗೆ ತಲಾ 170 ಗ್ರಾಮಿನಂತೆ 1,020 ಗ್ರಾಂ ಮೇಣ ಬೇಕಾಗುತ್ತದೆ. ಶೇಕಡಾ ಮೂರರಷ್ಟು ನಷ್ಟ ಸೇರಿಸಿದರೆ 1,050 ಗ್ರಾಂ ಆಗುತ್ತದೆ. ಅಂದರೆ ಒಂದು ಕಿಲೋದ ಪೊಟ್ಟಣದಲ್ಲಿ ಐದು ಲೋಟ ನೆಮ್ಮದಿಯಾಗಿ ಮುಗಿಯುತ್ತವೆ, ಆರನೆಯದು ಅರೆಬರೆ ನಿಲ್ಲುತ್ತದೆ. ಅಂಗಡಿಗೆ ಹೋಗುವ ಮೊದಲೇ ಇದು ತಿಳಿದಿರಬೇಕು, ಏಕೆಂದರೆ ಕೊರತೆ ಬಿದ್ದಾಗ ಬೇರೆ ಮೇಣ ಬೆರೆಸಿದರೆ ಬಣ್ಣವೂ ಉರಿಯುವ ರೀತಿಯೂ ಬದಲಾಗುತ್ತವೆ.

ನಮ್ಮಲ್ಲಿ ಬಿಡಿಯಾಗಿ ಸಿಗುವ ಮೇಣದಲ್ಲಿ ಏನೇನು ಬೆರೆತಿದೆ ಎಂಬುದು ಪೊಟ್ಟಣದ ಮೇಲೆ ಬರೆದಿರುವುದು ಅಪರೂಪ. ಹಾಗಿದ್ದಾಗ 0.9 ಎಂಬ ಅಂಕಿಯನ್ನು ಕಣ್ಣು ಮುಚ್ಚಿ ಒಪ್ಪುವ ಅಗತ್ಯವಿಲ್ಲ. ಮೊದಲ ಮೇಣದಬತ್ತಿ ಗುರುತಿನವರೆಗೆ ತುಂಬಿ, ಗುಳಿಯೂ ಮುಚ್ಚಿ, ಪೂರ್ತಿ ತಣ್ಣಗಾದ ಮೇಲೆ ಅದನ್ನು ತೂಗಿ, ಖಾಲಿ ಲೋಟದ ಮತ್ತು ಬತ್ತಿಯ ತೂಕವನ್ನು ಕಳೆದು, ಉಳಿದದ್ದನ್ನು ನೀರಿನ ತೂಕದಿಂದ ಭಾಗಿಸಿದರೆ ಆ ಮೇಣದ ಸ್ವಂತ ಅಂಕಿ ಸಿಗುತ್ತದೆ. 200 ಗ್ರಾಂ ನೀರಿನ ಲೋಟದಲ್ಲಿ 176 ಗ್ರಾಂ ಮೇಣ ಕೂತಿದ್ದರೆ ಅದು 0.88. ಆ ಪೊಟ್ಟಣ ಮುಗಿಯುವವರೆಗೆ ಉಳಿದ ಲೋಟಗಳನ್ನೆಲ್ಲ ಆ ಅಂಕಿಯಿಂದಲೇ ಗುಣಿಸಬಹುದು.