ರಾಮದೇವರ ಬೆಟ್ಟಕ್ಕೆ ಹೋದರೆ ಎರಡು ರಣಹದ್ದುಗಳನ್ನೂ ಗುರುತು ಹಿಡಿಯಿರಿ

ರಾಮನಗರದ ರಾಮದೇವರ ಬೆಟ್ಟಕ್ಕೆ ಹೆಚ್ಚಿನವರು ಹೋಗುವುದು ದೇವಸ್ಥಾನಕ್ಕೆ, ಇಲ್ಲವೇ ಸಿನಿಮಾ ಶೂಟಿಂಗ್ ಆದ ಬಂಡೆ ನೋಡೋಕೆ. ನೀವು ರಣಹದ್ದು ನೋಡೋಕೆ ಅಂತಲೇ ಹೋಗಿ. 2012ರಲ್ಲೇ ಇದನ್ನು ರಣಹದ್ದು ಧಾಮ ಅಂತ ಘೋಷಿಸಿದ್ದಾರೆ.

ಬೆಂಗಳೂರಿನಿಂದ ಸುಮಾರು 50 ಕಿ.ಮೀ. ರೈಲಲ್ಲಿ ಹೋದರೆ ಸ್ಟೇಷನ್‌ನಿಂದ ಆಟೋ ಮಾಡಿ, ವಾಪಸ್ ಬರೋದಕ್ಕೂ ಆಗಲೇ ಮಾತಾಡಿಕೊಳ್ಳಿ. ಬಂಡೆ ಕಾದು ಬಿಸಿ ಗಾಳಿ ಮೇಲೇಳುವವರೆಗೆ ಈ ಹಕ್ಕಿಗಳು ಸುಮ್ನೆ ಕೂತಿರುತ್ತವೆ, ಹಾಗಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಕಣ್ಣು ಆಕಾಶದ ಕಡೆಗೇ ಇರಲಿ.

ಸುಲಭವಾಗಿ ಸಿಗೋದು ಬಿಳಿ ರಣಹದ್ದು. ಹಳದಿ ಮುಖ, ಬಿಳಿ ಮೈ, ರೆಕ್ಕೆಯ ಹಿಂಬದಿ ಕಪ್ಪು, ಬಾಲ ಮೊನಚು. ಇದರ ಮರಿ ಮಾತ್ರ ಪೂರ್ತಿ ಕಂದು ಬಣ್ಣ, ಅದನ್ನು ನೋಡಿ ಇಲ್ಲಿರುವ ಇನ್ನೊಂದು ಜಾತಿ, ಅಂದರೆ ಉದ್ದ ಕೊಕ್ಕಿನ ರಣಹದ್ದು ಅಂದುಕೊಳ್ಳುವವರು ಜಾಸ್ತಿ. ಬಣ್ಣ ಬಿಡಿ, ಬಾಲ ನೋಡಿ. ಉದ್ದ ಕೊಕ್ಕಿನ ರಣಹದ್ದಿಗೆ ಬಾಲ ಗಿಡ್ಡ, ರೆಕ್ಕೆ ಬಾಗಿಲಿನ ಹಲಗೆಯಷ್ಟು ಅಗಲ. ತೂಕದಲ್ಲಿ ಬಿಳಿಯದರ ಎರಡು ಪಟ್ಟಿಗೂ ಹೆಚ್ಚು. ಕಡಿದಾದ ಬಂಡೆಯಲ್ಲಿ ಗೂಡು, ವರ್ಷಕ್ಕೆ ಒಂದೇ ಮೊಟ್ಟೆ. ಬಂಡೆ ಮೇಲೆ ಸುಣ್ಣ ಬಳಿದಂತೆ ಹಿಕ್ಕೆಯ ಗೆರೆ ಕಂಡರೆ ಅಲ್ಲಿ ಬೈನಾಕ್ಯುಲರ್ ಇಡಿ.

ಎರಡೂ ಒಂದೇ ಕುಟುಂಬದವು, ಆದರೆ ಹತ್ತಿರದ ನೆಂಟರಲ್ಲ. ಬಿಳಿಯದು ನಿಯೋಫ್ರಾನ್ ಕುಲದ ಏಕೈಕ ಜಾತಿ, ಅದಕ್ಕೆ ಹತ್ತಿರದ್ದು ಹಿಮಾಲಯದಲ್ಲೂ ಇರುವ ಗಡ್ಡದ ರಣಹದ್ದು. ಉದ್ದ ಕೊಕ್ಕಿನದು ಜಿಪ್ಸ್ ಕುಲದ್ದು. ಉತ್ತರದಲ್ಲಿ ಮರದ ಮೇಲೆ ಗೂಡು ಕಟ್ಟುವ ತೆಳು ಕೊಕ್ಕಿನದನ್ನೂ ಮೊದಲು ಇದರ ಜೊತೆಗೇ ಸೇರಿಸಿದ್ದರು, 2001ರಲ್ಲಿ ಬೇರೆ ಜಾತಿ ಅಂತ ತೋರಿಸಿದರು.

ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಬಿಳಿಯದು 'ಅಪಾಯದಲ್ಲಿರುವ' ಜಾತಿ, ಉದ್ದ ಕೊಕ್ಕಿನದು ಅದಕ್ಕೂ ಒಂದು ಮೆಟ್ಟಿಲು ಆಚೆ, 'ತೀವ್ರ ಅಪಾಯದಲ್ಲಿರುವ' ಜಾತಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ, ಸತ್ತ ದನದ ಮಾಂಸ ತಿಂದ ಜಿಪ್ಸ್ ಹಕ್ಕಿಗಳ ಮೂತ್ರಪಿಂಡವನ್ನೇ ಹಾಳು ಮಾಡಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದಕ್ಕೆ ನಿಷೇಧ ಬಂತು. ಮನೆಯಲ್ಲಿ ಹಸು ಇದ್ದರೆ ನೋವಿಗೆ ಮೆಲಾಕ್ಸಿಕಾಮ್ ಕೊಡಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ, ರಣಹದ್ದಿಗೆ ಅದರಿಂದ ತೊಂದರೆ ಇಲ್ಲ.

ಕಂಡ ಹಕ್ಕಿಗಳ ಪಟ್ಟಿಯನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವಾಗ ಬರೀ ರಣಹದ್ದು ಅಂತ ಬರೆಯಬೇಡಿ, ಯಾವುದು, ಎಷ್ಟು ಅಂತ ಬರೆಯಿರಿ. ಉದ್ದ ಕೊಕ್ಕಿನದು ಕಾಣದಿದ್ದರೆ ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದು 'ಪೂರ್ತಿ ಪಟ್ಟಿ' ಅಂತಲೇ ಸೇರಿಸಿ, ಕಾಣಲಿಲ್ಲ ಅನ್ನೋದೂ ಮಾಹಿತಿಯೇ ಅಲ್ವಾ. ಗೂಡಿನ ಫೋಟೋ ಮಾತ್ರ ಎಲ್ಲೂ ಹಾಕಬೇಡಿ.