ಮ್ಯಾಚು, ಕಾರ್ಟೂನು ಮತ್ತು ಲಿಸ್ಬನ್ನಿನ ಪ್ಯಾಕು

ತೀರ್ಥಹಳ್ಳಿ ಕಡೆ ಕೇಬಲ್ ನಡೆಸುವವನಿಗೆ ಬರುವ ಫೋನುಗಳು ಎರಡೇ ಥರ. ಮ್ಯಾಚ್ ಹೋಯ್ತು ಅನ್ನುವುದೊಂದು, ಕಾರ್ಟೂನ್ ಹೋಯ್ತು ಅನ್ನುವುದಿನ್ನೊಂದು. ಸುದ್ದಿ ಚಾನೆಲ್ ದಿನಗಟ್ಟಲೆ ಬರದಿದ್ದರೂ ಯಾರೂ ಕೇಳುವುದಿಲ್ಲ, ನೆಮ್ಮದಿ ಅಂದುಕೊಂಡಿರಬೇಕು. ಮಳೆಗಾಲದಲ್ಲಿ ಅಡಿಕೆ ಸೋಗೆ ಬಿದ್ದು ವೈರು ಕಿತ್ತು, ಮಗು ಊಟಕ್ಕೆ ಕೂತ ಹೊತ್ತಿಗೇ ಕಾರ್ಟೂನ್ ನಿಂತಿತೋ, ಅದರಮ್ಮನ ಬೈಗುಳ ತಪ್ಪಿದ್ದಲ್ಲ.

ಲಿಸ್ಬನ್ನಿನಲ್ಲಿರುವ ಅಕ್ಕನ ಮಗಳು ಅಲ್ಲಿನ ಚಾನೆಲ್ ಪಟ್ಟಿ ಕಳಿಸಿ, "ಮಾವ, ಯಾವ ಪ್ಯಾಕ್ ಹಾಕಿಸ್ಲಿ?" ಅಂದಳು. ಪೋರ್ಚುಗೀಸರ ವಿಷಯದಲ್ಲಿ ನಮ್ಮ ಸೀಮೆಗಿದ್ದ ಅನುಭವವೆಂದರೆ ಶಿವಪ್ಪ ನಾಯಕ ಅವರನ್ನು ಕರಾವಳಿಯ ಕೋಟೆಗಳಿಂದ ಎಬ್ಬಿಸಿದ್ದು ಅಷ್ಟೇ. ಭಾಷೆ ಬರದಿದ್ದರೇನು, ಪ್ಯಾಕು ಕಟ್ಟುವವರ ಬುದ್ಧಿ ಎಲ್ಲಾ ಕಡೆ ಒಂದೇ. ದಿನವೂ ರಾತ್ರಿ ಕೂತು ಓದಿದೆ.

ಅಲ್ಲಿ ಫುಟ್‌ಬಾಲ್ ಅಂದರೆ ಬೇರೆ ದುಡ್ಡು. 1998ರಲ್ಲಿ ಶುರುವಾದ ಸ್ಪೋರ್ಟ್ ಟಿವಿಗೆ ಪ್ಯಾಕಿನ ಮೇಲೆ ಪ್ರತ್ಯೇಕವಾಗಿ ಕಟ್ಟಬೇಕು. ನನಗೆ ಭಾರಿ ಇಷ್ಟವಾದದ್ದು ಬೆನ್ಫಿಕಾ ಕ್ಲಬ್ಬಿನ ಕಥೆ. 2008ರಲ್ಲಿ ಸ್ವಂತ ಚಾನೆಲ್ ಮಾಡಿದರು. 2013ರಿಂದ ತಮ್ಮ ಅಂಗಳದಲ್ಲಿ ನಡೆಯುವ ಲೀಗ್ ಮ್ಯಾಚುಗಳನ್ನು ಸ್ಪೋರ್ಟ್ ಟಿವಿಗೆ ಕೊಡದೆ ತಾವೇ ತೋರಿಸತೊಡಗಿದರು. ಮಂಡಿಗೆ ಅಡಿಕೆ ಹಾಕುವುದು ಬಿಟ್ಟು ಬೆಳೆಗಾರನೇ ಅಂಗಡಿ ಇಟ್ಟ ಹಾಗೆ! ಸಾಲದ್ದಕ್ಕೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಹಕ್ಕನ್ನೂ ಮೂರು ಸೀಸನ್ ಮಟ್ಟಿಗೆ ಕೊಂಡರು. ಒಂದು ಕ್ಲಬ್ಬಿಗೆ ಇಷ್ಟು ಧೈರ್ಯ! ಅದೇ ಪೋರ್ಚುಗೀಸ್ ಮಾತಾಡುವ ಬ್ರೆಜಿಲ್ಲಿನ ಕಥೆಯೇ ಬೇರೆ. ಅಲ್ಲಿ ಗ್ಲೋಬೊ ಚಾನೆಲ್ಲು ಬುಧವಾರ ರಾತ್ರಿ ಧಾರಾವಾಹಿ ಮುಗಿಸಿಕೊಂಡು ಮ್ಯಾಚ್ ಹಾಕುತ್ತದೆ, ಪುಕ್ಕಟೆ. ಅತ್ತೆ ಸೊಸೆ ಜಗಳ ಮುಗಿಯುವ ತನಕ ಫುಟ್‌ಬಾಲೂ ಕಾಯಬೇಕು. ಅಲ್ಲಿ ಒಂಬತ್ತೂವರೆ ಅಂದರೆ ನಮಗೆ ಗುರುವಾರ ಬೆಳಿಗ್ಗೆ ಆರು, ಹಾಲು ಕರೆಯುವ ಹೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಕ್ಕಳ ವಿಭಾಗ. ಕನಾಲ್ ಪಾಂಡಾ ಇದೆ, 2009ರಲ್ಲಿ ಬಂದ ಸಿಕ್ ಕೆ ಇದೆ, ಸರ್ಕಾರಿ ಆರ್‌ಟಿಪಿ 2ರಲ್ಲಿ ಜಿಗ್ ಜಾಗ್ ಅಂತ ಮಕ್ಕಳ ಹೊತ್ತೇ ಇದೆ. ದೊಡ್ಡವರ ಇಂಗ್ಲಿಷ್ ಸಿನಿಮಾಗೆ ಅಲ್ಲಿ ಬರೀ ಸಬ್‌ಟೈಟಲ್. ಓದಲು ಬಾರದ ಮಕ್ಕಳಿಗೆ ಮಾತ್ರ ಡಬ್ಬಿಂಗ್. ಅದೂ ತಮ್ಮದೇ ಉಚ್ಚಾರದಲ್ಲಿ. ಮೊದಲು ಡಿಸ್ನಿ ಸಿನಿಮಾಗಳು ಬ್ರೆಜಿಲ್ಲಿನ ಡಬ್ಬಿಂಗಿನಲ್ಲೇ ಬರುತ್ತಿದ್ದವು. 1994ರ ಲಯನ್ ಕಿಂಗ್‌ನಿಂದ ಪೋರ್ಚುಗಲ್ಲಿಗೆ ಬೇರೆಯೇ ಆಯಿತು. ಅಷ್ಟಾದರೂ ಈಗ ಯೂಟ್ಯೂಬ್ ನೋಡಿ ಮಕ್ಕಳು ಬ್ರೆಜಿಲ್ ಥರ ಮಾತಾಡುತ್ತಾರೆಂದು ಅಲ್ಲಿಯ ತಂದೆತಾಯಿಗೆ ಕೊರಗು.

ಪೋರ್ಚುಗಲ್ಲಿನ ಜನಸಂಖ್ಯೆ ಹೆಚ್ಚುಕಡಿಮೆ ಒಂದು ಕೋಟಿ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರೇ 4.37 ಕೋಟಿ. ನಾವು ಮಾಡಿದ್ದು ಉಲ್ಟಾ: ದೊಡ್ಡವರಿಗೆ ಬೆಳಗಿಂದ ರಾತ್ರಿವರೆಗೆ ಕನ್ನಡ ಧಾರಾವಾಹಿ, ಮಕ್ಕಳಿಗೆ ಹಿಂದಿ ಕಾರ್ಟೂನು. ಅದೇ 2009ರಲ್ಲಿ ಕನ್ನಡದ್ದೇ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದಾಗ ನಮ್ಮ ಲೈನಿನ ಮಕ್ಕಳು ಕುಣಿದಿದ್ದರು. ಕ್ರಿಕೆಟ್ಟಿಗೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬರಲು 2018ರ ಕೊನೆಯಾಯಿತು. ಡಬ್ಬಿಂಗ್ ಬೇಡ ಎಂದು ದಶಕಗಟ್ಟಲೆ ಹಟ ಹಿಡಿದ ನಮ್ಮ ಚಿತ್ರರಂಗದ ದೊಡ್ಡವರಿಗೆ ಮಕ್ಕಳ ನೆನಪೇ ಇರಲಿಲ್ಲ ಅಂತ ನನ್ನ ಅಂದಾಜು.

ಈಗ ಕೆಲವು ಕಾರ್ಟೂನ್ ಚಾನೆಲ್ಲುಗಳಲ್ಲಿ ಕನ್ನಡ ಆಡಿಯೋ ಇದೆ. ರಿಮೋಟಿನಲ್ಲಿ ಭಾಷೆಯ ಬಟನ್ ಒತ್ತಬೇಕು, ಅಷ್ಟೇ. ರಿಪೇರಿಗೆ ಹೋದ ಮನೆಯಲ್ಲೆಲ್ಲ ನಾನೇ ಒತ್ತಿ ಬರುತ್ತೇನೆ.

ಲಿಸ್ಬನ್ನಿಗೆ ಹೇಳಿದ್ದಿಷ್ಟು: "ಪುಟ್ಟನಿಗೆ ಪಾಂಡಾ ಇರೋ ಪ್ಯಾಕ್ ಸಾಕು, ಮ್ಯಾಚಿನ ದುಡ್ಡು ಉಳ್ಸು." ಅವಳ ಗಂಡ ಮ್ಯಾಚಿದ್ದಾಗ ಮನೆ ಕೆಳಗಿನ ಕಾಫಿ ಅಂಗಡಿಗೆ ಹೋಗಿ, ಬೆರಳುದ್ದದ ಲೋಟದಲ್ಲಿ ಒಂದೇ ಕಾಫಿ ತಗೊಂಡು ತೊಂಬತ್ತು ನಿಮಿಷ ಕೂರುತ್ತಾನಂತೆ. ಅಂಗಡಿಯವರು ಏನೂ ಅನ್ನುವುದಿಲ್ಲವಂತೆ.